ಮೂರು ಬೆರಳು ಒಣಗಿದೆ

ಡೋರ್ಡ್ರೆಕ್ಟಿನ ಹಳೆ ಬಂದರಿನ ಓಣಿಯಲ್ಲಿ
ಹಿಲ್ಲೆಗೊಂಡಾಳ ಅಡುಗೆಮನೆಯ ಹಲಗೆ ಕಿತ್ತು
ಎದೆಮಟ್ಟ ಗುಂಡಿ ತೋಡಿ ಇಳಿದಿದ್ದೇನೆ.
ನನ್ನ ಕಸುಬೇ ಇದು: ಮನೆಗಳ ಕಾಲು ನೋಡುವುದು.

ಮೇಲೆ ಅವಳು ಯಾರದೋ ಪಿಯಾನೋದ ತಂತಿ ಬಿಗಿಯುತ್ತಿದ್ದಾಳೆ,
ಒಂದೇ ಸ್ವರ, ಹತ್ತು ಸಲ, ಹನ್ನೊಂದನೇ ಸಲ.
ಪಿಯಾನೋದ ಎಡಗಾಲ ಕೆಳಗೆ ಮಡಚಿಟ್ಟ ರಟ್ಟು.
"ಐದು ವರ್ಷಕ್ಕೊಂದು ಮಡಿಕೆ ಜಾಸ್ತಿ" ಅನ್ನುತ್ತಾಳೆ,
ಮಗು ಎಷ್ಟು ಬೆಳೆಯಿತೆಂದು ಗೋಡೆಗೆ ಗೀರು ಹಾಕಿದವಳ ಹಾಗೆ.

ಪೈನ್ ಮರದ ಗೂಟಗಳು.
ತೊಗಟೆ ಸಹ ಸುಲಿಯದೆ ಬಡಿದಿದ್ದಾರೆ, ಅವಸರವಿತ್ತೇನೋ.
ಮುನ್ನೂರ ಹತ್ತು ವರ್ಷ ಕೆಸರಲ್ಲಿ ನಿಂತು
ನಾಲ್ಕಂತಸ್ತಿನ ಇಟ್ಟಿಗೆ, ಹೆಂಚು, ಮಂಚ, ಕಪಾಟು,
ಬಾಡಿಗೆಗಿದ್ದ ಮೀನಿನ ವ್ಯಾಪಾರಿಯ ಒಂಬತ್ತು ಮಕ್ಕಳು,
ಎಲ್ಲವನ್ನೂ ತಲೆಯ ಮೇಲೆ ಹೊತ್ತಿವೆ.
ಈ ಮರದ ಶಾಸ್ತ್ರವೇ ತಿರುಗುಮುರುಗು:
ಮುಳುಗಿದ್ದಷ್ಟು ದಿನ ಸಾವಿಲ್ಲ.
ತಲೆ ಹೊರಗೆ ಬಂತೋ, ಗಾಳಿ ಕುಡಿಯಿತೋ,
ಕೊಳೆಯಿತು.

ಸೂಜಿ ಇಟ್ಟು ತಟ್ಟುತ್ತೇನೆ.
ಮೊದಲು ಬೆಣ್ಣೆ. ಇನ್ನೂ ಬೆಣ್ಣೆ. ಆಮೇಲೆ ಮರ.
ನೀರಿನ ಮಟ್ಟಕ್ಕೂ ಗೂಟದ ನೆತ್ತಿಗೂ ನಡುವೆ
ನನ್ನ ಮೂರು ಬೆರಳು ಸಲೀಸಾಗಿ ಹೋಗುತ್ತವೆ.
ಹಿಂದಿನ ಬೀದಿಯಲ್ಲಿ ಎದ್ದ ಹೊಸ ವಸತಿಕಟ್ಟಡ
ಕಾರು ನಿಲ್ಲಿಸುವ ನೆಲಮಾಳಿಗೆಗೆಂದು
ಎರಡು ಬೇಸಿಗೆ ಹಗಲಿರುಳು ಪಂಪು ಓಡಿಸಿತ್ತು.

"ಹಳೆಯದೇ ಗಟ್ಟಿ ಬಿಡಿ, ಈಗಿನದೆಲ್ಲ ರಟ್ಟು."
ಇದನ್ನು ಎಲ್ಲರೂ ಹೇಳುತ್ತಾರೆ, ಕಾಫಿ ಕೊಡುತ್ತಾ.
ನಾನು ಹೂಂಗುಟ್ಟುವುದಿಲ್ಲ.
ಹದಿನಾಲ್ಕು, ಹದಿನೆಂಟನೇ ನಂಬರಿನ ನಡುವೆ
ಸೈಕಲ್ ನಿಲ್ಲಿಸುವ ಜಾಗವಿದೆಯಲ್ಲ,
ಅದೂ ಮನೆಯೇ. ಅದೇ ವರ್ಷದ್ದು, ಅದೇ ಪೈನ್ ಮರದ್ದು.
ಬಿದ್ದವು ಸಾಕ್ಷಿ ಹೇಳಲು ಬರುವುದಿಲ್ಲ,
ನಿಂತವೇ ನಿಂತು ಜಂಬ ಕೊಚ್ಚುತ್ತವೆ.

ನನ್ನ ಮನೆ ಊರಾಚೆ, ನೀರು ಬಸಿದು ಮಾಡಿದ ನೆಲದಲ್ಲಿ.
ಒಂಬತ್ತು ವರ್ಷ. ಹತ್ತು ವರ್ಷದ ಖಾತರಿ
ಬರುವ ಮಾರ್ಚಿಗೆ ಮುಗಿಯುತ್ತದೆ.
ಪಕ್ಕದ ಮನೆಯ ರುರ್ಡ್ ಸೀನಿದರೆ
ಈ ಕಡೆಯಿಂದ ಮಾಕ್ಟೆಲ್ಡ್ "ಚಿರಂಜೀವಿ" ಅನ್ನುತ್ತಾಳೆ.
ಕಿಟಕಿಯ ರಬ್ಬರು ಆರನೇ ವರ್ಷಕ್ಕೆ ಸೀಳಿತು;
ಮಾಡಿದ ಕಂಪನಿ ಐದನೇ ವರ್ಷಕ್ಕೇ ಮುಳುಗಿತ್ತು.
ಬೆಚ್ಚಗಿದೆ ಮಾತ್ರ, ಸುಳ್ಳು ಹೇಳಬಾರದು.
ಜನವರಿಯಲ್ಲಿ ನಾನು ಬರಿಗಾಲಲ್ಲಿ ಓಡಾಡುತ್ತೇನೆ,
ಇಲ್ಲಿ ಹಿಲ್ಲೆಗೊಂಡಾ ಬೆರಳು ಕತ್ತರಿಸಿದ ಕೈಗವಸು ತೊಟ್ಟು ಸ್ವರ ಹಿಡಿಯುತ್ತಾಳೆ.

ಕಾಲೂ ಗಟ್ಟಿಯೇ. ಹದಿನೆಂಟು ಮೀಟರ್ ಕಾಂಕ್ರೀಟು,
ಗಟ್ಟಿಮರಳಿಗೆ ಊರಿದ್ದು, ಕೂದಲೆಳೆ ಕದಲಿಲ್ಲ.
ಆದರೆ ನೆಲ ಕೂತುಕೊಳ್ಳುತ್ತಿದೆ.
ಗೃಹಪ್ರವೇಶದ ದಿನ ಬಾಗಿಲಿಗೆ ಒಂದು ಮೆಟ್ಟಿಲಿತ್ತು, ಈಗ ಮೂರು.
ಗೋಡೆಯಡಿಯ ಸಂದಿಯಲ್ಲಿ ಯಾರದೋ ಬೆಕ್ಕು ಮರಿ ಹಾಕಿದೆ.
ವರ್ಷಕ್ಕೊಂದು ಲಾರಿ ಮರಳು ತರಿಸಿ
ಮನೆಗೂ ಭೂಮಿಗೂ ರಾಜಿ ಮಾಡಿಸುತ್ತೇನೆ.
ಇವಳ ಮನೆಯಾದರೋ
ನೆಲ ಕುಸಿದಷ್ಟು ತಾನೂ ಕುಸಿದು
ಪಕ್ಕದ ಮನೆಯ ಹೆಗಲಿಗೆ ಒರಗಿ
ಬಾಗಿಲ ಚೌಕಟ್ಟನ್ನೇ ಸೊಟ್ಟ ಮಾಡಿಕೊಂಡಿದೆ.
ಯಾವುದನ್ನು ಗಟ್ಟಿ ಅನ್ನಲಿ?

ನಮೂನೆಯಲ್ಲೊಂದು ಕಲಂ: ಉಳಿದ ಆಯಸ್ಸು.
ಹದಿನೈದರಿಂದ ಇಪ್ಪತ್ತೈದು ವರ್ಷ, ಬರೆದೆ.
ಕನ್ನಡಕ ಏರಿಸಿ ಓದಿದಳು.
"ಗೂಟದ್ದೋ ನನ್ನದೋ?" ಅಂದಳು.
ಆಮೇಲೆ, "ನಿಮ್ಮ ಮನೆಯದು?"
"ಇನ್ನೂ ಯಾರೂ ನೋಡಿಲ್ಲ."

ಸೂರಿನ ನೀರನ್ನು ಚರಂಡಿಗೆ ಬಿಡಬೇಡಿ,
ಕೊಳವೆ ತಿರುಗಿಸಿ, ಮನೆಯ ಬುಡಕ್ಕೇ ಹರಿಯಲಿ ಎಂದೆ.
ಹಲಗೆ ಮುಚ್ಚುವ ಮುನ್ನ
ಅವಳು ಅತ್ತ ತಿರುಗಿದ್ದಾಗ
ನಲ್ಲಿಯಿಂದ ಒಂದು ಬಕೆಟ್ ಹಿಡಿದು ಗುಂಡಿಗೆ ಸುರಿದೆ.
ಅದರಿಂದ ಏನೂ ಆಗುವುದಿಲ್ಲ.
ವರದಿ ಬರೆದವನು ನಾನೇ.